ಮಳೆಯ ಲೆಕ್ಕಕ್ಕೆ ಫೋರ್ತ್: ಸ್ಟ್ಯಾಕ್ ಮೇಲೆ ದಿನಾಂಕ ಇಡುವ ಬಗೆ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಮಧ್ಯರಾತ್ರಿಗೆ ಬದಲಾಗುವುದಿಲ್ಲ, ಬೆಳಿಗ್ಗೆ 8.30ಕ್ಕೆ ಬದಲಾಗುತ್ತದೆ. ಜುಲೈ 14ರ ಬೆಳಿಗ್ಗೆ 8.30ರಿಂದ ಮರುದಿನ ಅದೇ ಹೊತ್ತಿನವರೆಗೆ ಸುರಿದದ್ದೆಲ್ಲ ಜುಲೈ 15ರ ಮಳೆ. ತೀರ್ಥಹಳ್ಳಿಯ ಸಮೀಪ ನಮ್ಮ ಅಡಿಕೆ ತೋಟದಲ್ಲಿ ನಿಲ್ಲಿಸಿರುವ ಮಳೆಮಾಪಕವೂ ಇದೇ ಪದ್ಧತಿಯಲ್ಲಿ ಲೆಕ್ಕ ಕೊಡಬೇಕು. ಇಲ್ಲವಾದರೆ ಆಗುಂಬೆಯ ಅಂಕಿಯ ಪಕ್ಕದಲ್ಲಿ ನಮ್ಮದನ್ನು ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ.

ಮಾಪಕದೊಳಗಿನ ಪುಟ್ಟ ಬಟ್ಟಲು 0.2 ಮಿ.ಮೀ. ಮಳೆಗೊಮ್ಮೆ ಮಗುಚುತ್ತದೆ. ಮಗುಚಿದ ಹೊತ್ತನ್ನು ಚಿಪ್ ಬರೆದುಕೊಳ್ಳುತ್ತದೆ. ಅದನ್ನು ನಡೆಸುವುದು ಫೋರ್ತ್, ಚಾರ್ಲ್ಸ್ ಮೂರ್ 1970ರ ಸುಮಾರಿಗೆ ರೂಪಿಸಿದ ಪ್ರೋಗ್ರಾಮಿಂಗ್ ಭಾಷೆ. ಅದರಲ್ಲಿ ಸಂಖ್ಯೆಗಳು ಮೊದಲು ಸ್ಟ್ಯಾಕ್ ಮೇಲೆ, ಅಂದರೆ ಒಂದರ ಮೇಲೊಂದು ಪೇರಿಸಿದ ರಾಶಿಯ ಮೇಲೆ, ಬಂದು ಕೂರುತ್ತವೆ, ಏನು ಮಾಡಬೇಕೆಂಬ ಪದ ಕೊನೆಗೆ ಬರುತ್ತದೆ.

ಫೋರ್ತ್ ಮಾನಕದಲ್ಲಿ ಈ ಕ್ಷಣದ ಸಮಯ ಕೇಳಲು ಟೈಮ್&ಡೇಟ್ ಎಂಬ ಪದವಿದೆ. ಕರೆದ ಕೂಡಲೇ ಆರು ಸಂಖ್ಯೆಗಳನ್ನು ಸ್ಟ್ಯಾಕ್ ಮೇಲೆ ಹಾಕುತ್ತದೆ: ಸೆಕೆಂಡು ಅಡಿಯಲ್ಲಿ, ವರ್ಷ ತುದಿಯಲ್ಲಿ. ಆ ಆರನ್ನೂ ಹೊತ್ತುಕೊಂಡು ಮುಂದೆ ಹೋಗಬಾರದು. ಮೂರಕ್ಕಿಂತ ಆಳದಲ್ಲಿರುವುದನ್ನು ಎತ್ತಿ ತರಬೇಕಾದ ಪ್ರೋಗ್ರಾಂ ಬರೆಯಲೂ ಕಷ್ಟ, ಆರು ತಿಂಗಳ ನಂತರ ಓದಲೂ ಕಷ್ಟ. ಸಮಯ ಒಳಗೆ ಬಂದ ಬಾಗಿಲಲ್ಲೇ ಅದನ್ನು ಎರಡು ಸಂಖ್ಯೆಗೆ ಇಳಿಸುತ್ತೇನೆ: ದಿನಸಂಖ್ಯೆ ಮತ್ತು ದಿನದೊಳಗಿನ ನಿಮಿಷ. ಸೆಕೆಂಡು ಏಕೆ ಬೇಡವೆಂದರೆ ನನ್ನ ಚಿಪ್‌ನ ಫೋರ್ತ್ 16 ಬಿಟ್‌ನದು. ಅದರಲ್ಲಿ ಒಂದು ಸಂಖ್ಯೆ 65535ನ್ನು ಮೀರಲಾರದು, ದಿನಕ್ಕೆ 86400 ಸೆಕೆಂಡು. ನಿಮಿಷವಾದರೆ 1440, ನೆಮ್ಮದಿಯಾಗಿ ಹಿಡಿಯುತ್ತದೆ.

ದಿನಸಂಖ್ಯೆಯನ್ನು 2000ದ ಮಾರ್ಚ್ 1ರಿಂದ ಎಣಿಸುತ್ತೇನೆ. ವರ್ಷ ಮಾರ್ಚ್‌ನಿಂದ ಶುರುವಾದರೆ ಫೆಬ್ರುವರಿ 29 ವರ್ಷದ ಕೊನೆಗೆ ಸರಿಯುತ್ತದೆ, ಅಧಿಕ ವರ್ಷವೇ ಎಂದು ಪ್ರತಿ ಸಲ ಪರೀಕ್ಷಿಸುವ ಗೋಜು ಇರುವುದಿಲ್ಲ. ತಿಂಗಳಿಗೆ 9 ಕೂಡಿಸಿ 12ರಿಂದ ಭಾಗಿಸಿದರೆ ಉಳಿಯುವ ಶೇಷವೇ ಹೊಸ ತಿಂಗಳು, ಮಾರ್ಚ್ 0, ಜುಲೈ 4. ಭಾಗಲಬ್ಧ ಸೊನ್ನೆಯಾದರೆ ಅದು ಜನವರಿ ಅಥವಾ ಫೆಬ್ರುವರಿ. ಆಗ ವರ್ಷದಿಂದ ಒಂದು ಕಳೆಯಬೇಕು. ಉಳಿದದ್ದು ಇಷ್ಟೇ (ಸಾಲಿನ ಮೊದಲ : ಹೊಸ ಪದವೊಂದನ್ನು ಹೆಸರಿಸಿ ಶುರುಮಾಡುತ್ತದೆ, ಕೊನೆಯ ; ಅದನ್ನು ಮುಗಿಸುತ್ತದೆ):

: ವರ್ಷದಿನ 1461 4 */ ;
: ತಿಂಗಳದಿನ 153 * 2 + 5 / ;

2024ರ ಜುಲೈ 1ಕ್ಕೆ 24 ವರ್ಷದಿನ ಎಂದರೆ 8766, 4 ತಿಂಗಳದಿನ ಎಂದರೆ 122. ಕೂಡಿದರೆ 8888. ಸೊನ್ನೆಯ ದಿನ ಬುಧವಾರ. 8888ನ್ನು 7ರಿಂದ ಭಾಗಿಸಿದರೆ 5 ಉಳಿಯುತ್ತದೆ, ಅಂದರೆ ಸೋಮವಾರ. ಕ್ಯಾಲೆಂಡರ್ ತೆರೆದು ನೋಡಬಹುದು.

ಮೇಲಿನ */ ಪದವನ್ನು ಹಗುರವಾಗಿ ಕಾಣಬಾರದು. ಅದು ಗುಣಲಬ್ಧವನ್ನು ಎರಡು ಪಟ್ಟು ಅಗಲದಲ್ಲಿ ಹಿಡಿದುಕೊಂಡು ಭಾಗಿಸುತ್ತದೆ. ಬದಲಿಗೆ ಗುಣಾಕಾರ, ಭಾಗಾಕಾರ ಎಂದು ಬಿಡಿಬಿಡಿಯಾಗಿ ಬರೆದರೆ 22 ವರ್ಷದವರೆಗೆ ಸರಿ, 23ಕ್ಕೆ ಗುಣಲಬ್ಧ 33603 ಆಗಿ 32767ರ ಮಿತಿ ಮೀರುತ್ತದೆ (ಋಣಸಂಖ್ಯೆಗೂ ಜಾಗ ಬಿಟ್ಟಾಗ 16 ಬಿಟ್‌ನಲ್ಲಿ ಹಿಡಿಯುವುದು ಇಷ್ಟೇ). 2023ರ ಮಾರ್ಚ್ 1ರಿಂದ ಎಲ್ಲ ದಿನಾಂಕವೂ ಕೆಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಜಿಫೋರ್ತ್ ಎಂಬ, ಕಂಪ್ಯೂಟರಿನಲ್ಲಿ ನಡೆಯುವ ಫೋರ್ತ್ ಹಾಕಿ ಪರೀಕ್ಷಿಸಿದರೆ ಈ ದೋಷ ಕಾಣುವುದೇ ಇಲ್ಲ, ಅಲ್ಲಿ ಸಂಖ್ಯೆ 64 ಬಿಟ್ ಅಗಲ. ಆದ್ದರಿಂದ ದಿನಾಂಕದ ಪರೀಕ್ಷೆಯನ್ನು ಚಿಪ್ ಮೇಲೆಯೇ ಮಾಡಬೇಕೆಂಬುದು ನನ್ನ ಹಟ.

ಇನ್ನು 8.30ರ ಗಡಿ. ಎಲ್ಲಕ್ಕಿಂತ ಜಟಿಲವಾಗಬೇಕಿದ್ದ ಈ ಭಾಗವೇ ಎಲ್ಲಕ್ಕಿಂತ ಚಿಕ್ಕದಾಯಿತು. 8.30ರಿಂದ ಮಧ್ಯರಾತ್ರಿಗೆ 930 ನಿಮಿಷ (ಕೆಳಗಿನ ಸಾಲಿನಲ್ಲಿ ಆವರಣದೊಳಗಿರುವುದು ಓದುವವರಿಗೆ ಬರೆದ ಟಿಪ್ಪಣಿ ಮಾತ್ರ):

: ಮಳೆದಿನ ( ದಿನ ನಿಮಿಷ -- ದಿನ ) 930 + 1440 / + ;

8.29ಕ್ಕೆ ನಿಮಿಷ 509, ಮೊತ್ತ 1439, ಭಾಗಲಬ್ಧ 0. ಮಳೆ ಆ ದಿನದ್ದೇ. 8.30ಕ್ಕೆ ಭಾಗಲಬ್ಧ 1, ಮಳೆ ನಾಳೆಯದು. 'ಹೀಗಿದ್ದರೆ ಹಾಗೆ' ಎಂಬ ಷರತ್ತು ಒಂದೂ ಇಲ್ಲ. ತಿಂಗಳ ಕೊನೆ, ವರ್ಷದ ಕೊನೆ ತಾವಾಗಿ ಸರಿಹೋಗುತ್ತವೆ. ಫೋರ್ತ್ ನನಗೆ ಇಷ್ಟವಾಗುವುದು ಇಂಥ ಸಾಲುಗಳಿಂದ.

ಆಷಾಢದಲ್ಲಿ ಇಲ್ಲಿ ವಿದ್ಯುತ್ ಹೋದರೆ ಯಾವಾಗ ಬರುವುದೋ ಹೇಳಲಾಗದು. ಹೊತ್ತನ್ನು ಡಿಎಸ್3231 ಎಂಬ ಗಡಿಯಾರದ ಚಿಪ್‌ಗೆ ಒಪ್ಪಿಸಿದ್ದೇನೆ, ಗುಂಡಿ ಬ್ಯಾಟರಿಯ ಮೇಲೆ ಅದು ನಡೆಯುತ್ತಲೇ ಇರುತ್ತದೆ. ಅದು 59 ನಿಮಿಷವನ್ನು 5, 9 ಎಂದು ಅಂಕಿ ಅಂಕಿಯಾಗಿ ಇಡುತ್ತದೆ. 16ರಿಂದ ಭಾಗಿಸಿ, ಭಾಗಲಬ್ಧವನ್ನು ಹತ್ತರಿಂದ ಗುಣಿಸಿ ಶೇಷಕ್ಕೆ ಕೂಡಿದರಾಯಿತು. ಎಲ್ಲ ಅಂಕಿಗಳನ್ನೂ ಒಂದೇ ಉಸಿರಿನಲ್ಲಿ ಓದಬೇಕು, ಇಲ್ಲವಾದರೆ ಮಧ್ಯರಾತ್ರಿಯ ಅಂಚಿನಲ್ಲಿ ಗಂಟೆ ಹಳೆಯ ದಿನದ್ದು, ತಾರೀಕು ಹೊಸ ದಿನದ್ದು ಸಿಗಬಹುದು.

ತಂದೆಯವರು ಮಳೆ ಬರೆದಿಟ್ಟ ಹಳೆಯ ನೋಟ್‌ಬುಕ್ಕನ್ನೂ ಇದೇ ಲೆಕ್ಕಕ್ಕೆ ಸೇರಿಸಿದಾಗ ಋಣಸಂಖ್ಯೆಗಳು ಬಂದವು. 1999ರ ಮಾರ್ಚ್‌ಗೆ ವರ್ಷ -1. ಭಾಗಲಬ್ಧವನ್ನು ಕೆಳಕ್ಕೆ ಇಳಿಸುವ ಫೋರ್ತ್ -366 ಕೊಡುತ್ತದೆ, ಅದೇ ಸರಿ; ಸೊನ್ನೆಯ ಕಡೆಗೆ ಸರಿಸುವ ಫೋರ್ತ್ -365 ಕೊಟ್ಟು ಒಂದು ದಿನ ತಪ್ಪಿಸುತ್ತದೆ. ಮಾನಕ ಎರಡಕ್ಕೂ ಅವಕಾಶ ಕೊಟ್ಟಿದೆ. ಜಿಫೋರ್ತ್ ಕೆಳಕ್ಕೆ ಇಳಿಸುವುದರಿಂದ ಹಳೆಯ ದಾಖಲೆಗಳನ್ನು ಅಲ್ಲೇ ಲೆಕ್ಕ ಹಾಕುತ್ತೇನೆ.

ದಿನ ಒಂದೇ ಸಂಖ್ಯೆಯಾದ ಮೇಲೆ ತೋಟದ ಬೇರೆ ಲೆಕ್ಕಗಳೂ ಸುಲಭವಾದವು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನಕ್ಕೆ 45 ಕೂಡಿದರೆ ಎರಡನೆಯ ಸಿಂಪರಣೆಯ ದಿನ. ಅಕ್ಕಪಕ್ಕದ ತೋಟದವರು ಕೇಳುವುದು ಜುಲೈ ಮಳೆಯನ್ನಲ್ಲ, ಆರಿದ್ರಾ ಎಷ್ಟು, ಪುನರ್ವಸು ಎಷ್ಟು ಎಂದು. ಪಂಚಾಂಗ ನೋಡಿ ಆಯಾ ಮಳೆ ನಕ್ಷತ್ರ ಹೂಡುವ ದಿನಸಂಖ್ಯೆಗಳನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟಿದ್ದೇನೆ. ಎರಡು ಸಂಖ್ಯೆಗಳ ನಡುವಿನ ಮಳೆಯನ್ನು ಕೂಡಿದರೆ ಅವರಿಗೆ ಬೇಕಾದ ಉತ್ತರ. ಆರಂಭದ ದಿನ ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗುತ್ತದೆ, ಹಾಗಾಗಿ ಪಟ್ಟಿಯನ್ನು ಪ್ರತಿ ಯುಗಾದಿಗೆ ಹೊಸದಾಗಿ ತುಂಬುತ್ತೇನೆ.