ಫೆಸ್ಟಿವಲ್ ಬಿಟ್ವಿ, ಶನಿವಾರದ ಕ್ಲಾಸ್ ಹಿಡಿದ್ವಿ: ಹಾರ್ಟ್‌ಫರ್ಡ್‌ನಲ್ಲಿ ಬೊಂಬಾ ಸಂಸ್ಥೆ ಕಟ್ಟಿದ ನನ್ನ ಅನುಭವ

ಅಮೆರಿಕದಲ್ಲಿ ಕನ್ನಡ ಕೂಟದ ಕಮಿಟೀಲಿ ಕೂತವರಿಗೆ ಸಂಸ್ಥೆಯ ತೆರಿಗೆ ನಂಬರು (ಇಐಎನ್ನು), ಬೈಲಾ, ಬೋರ್ಡು ಎಲ್ಲ ಗೊತ್ತಿರತ್ತೆ, ಅದನ್ನ ಬಿಡ್ತೀನಿ. ನನ್ನ ಹೆಂಡತಿ ಮನೆಯವರು ಕೆರಿಬಿಯನ್ ದ್ವೀಪ ಪೋರ್ಟೊ ರಿಕೋದ ಲೋಯಿಸಾ ಊರಿನವರು, ಆಫ್ರಿಕನ್ ಮೂಲದ ಡ್ರಮ್ಮು-ಕುಣಿತ ಬೊಂಬಾ ಅವರಿಗೆ ಮನೆ ಮಾತು. ಇಲ್ಲಿ ಹಾರ್ಟ್‌ಫರ್ಡ್ ಇರೋ ಕನೆಕ್ಟಿಕಟ್ ರಾಜ್ಯದಲ್ಲಿ ಹುಟ್ಟಿದ ಮಕ್ಕಳಿಗೆ ಅದು ದಾಟ್ಲಿ ಅಂತ ಆಫ್ರೋ-ಲಾಟಿನೋ (ಲ್ಯಾಟಿನ್ ಅಮೆರಿಕದ ಆಫ್ರಿಕನ್ ಮೂಲದವರ) ಕಲೆಗೆ ಒಂದು ಸಂಸ್ಥೆ ಶುರು ಮಾಡಿದ್ವಿ, ನಾನು ಟ್ರೆಷರರ್. ಇಂಡಿಯನ್ ಅಳಿಯ ನಮ್ಮ ಡ್ರಮ್ಮಿನ ಲೆಕ್ಕ ಇಡ್ತಾನಂತೆ ಅಂತ ನಕ್ಕೋರೇ ಜಾಸ್ತಿ.

ಎಲ್ರೂ ಹೇಳಿದ್ದು ಫೆಸ್ಟಿವಲ್ ಮಾಡಿ ಅಂತ, ಮಾಡಿದ್ವಿ. ಪಾರ್ಕ್ ಪರ್ಮಿಟ್ಟು, ಇನ್ಶೂರೆನ್ಸು, ಸ್ಟೇಜು, ಸೌಂಡು, ನ್ಯೂಯಾರ್ಕಿಂದ ಬಂದ ತಂಡಕ್ಕೆ ಹೋಟೆಲ್ಲು, ಹತ್ತಿರತ್ತಿರ 11,000 ಡಾಲರ್ ಹೋಯ್ತು, ವಾಪಸ್ ಬಂದಿದ್ದು ಅದರ ಅರ್ಧಾನೂ ಇಲ್ಲ. ಸ್ಪಾನ್ಸರ್ ಮಾಡ್ತೀವಿ ಅಂದಿದ್ದ ಒಂದು ಕಂಪನಿಯವರು ಬ್ಯಾನರ್ ಪ್ರಿಂಟ್ ಆದ್ಮೇಲೆ ಫೋನೇ ಎತ್ತಲಿಲ್ಲ. ಫೋಟೋ ಚೆನ್ನಾಗ್ ಬಂತು, ಆದ್ರೆ ಒಂದು ಮಗೂಗೂ ಬೊಂಬಾದ ಸಿಕಾ ಅನ್ನೋ ತಾಳ ಬರ್ಲಿಲ್ಲ.

ಆಗ ನಾನು ಹಠ ಹಿಡಿದೆ. ಸ್ಟೇಜ್ ಬೇಡ, ಶನಿವಾರ ಕ್ಲಾಸ್ ನಡೀಲಿ, ಬಂದ ದುಡ್ಡಲ್ಲಿ ಮೊದಲು ಮೇಷ್ಟ್ರ ಸಂಬಳ, ಉಳಿದ್ರೆ ಬೇರೆ ಖರ್ಚು. ಕ್ಲಾಸಿಗೆ ಯಾರೂ ಗ್ರಾಂಟ್ ಕೊಡಲ್ಲ ಅಂತ ಬೋರ್ಡಲ್ಲಿ ಇಬ್ರು ಬಿಟ್ಟೇ ಹೋದ್ರು. ಫಿಸ್ಕಲ್ ಸ್ಪಾನ್ಸರ್ (ನಮ್ಮ ಪರವಾಗಿ ದೇಣಿಗೆ ತಗೊಳ್ಳೋ ಬೇರೆ ಸಂಸ್ಥೆ) ಕೆಳಗಿದ್ದಾಗ ನೂರಕ್ಕೆ ಎಂಟರ ಹಾಗೆ ಅವರು ಹಿಡ್ಕೊಳ್ಳೋರು, ಮಿಕ್ಕಿದ್ದು ಬರೋಕೆ ಎರಡು ಮೂರು ತಿಂಗಳು, ಅಷ್ಟರಲ್ಲಿ ಮೇಷ್ಟ್ರಿಗೆ ನನ್ನ ಕ್ರೆಡಿಟ್ ಕಾರ್ಡೇ ಗತಿ. ಕೊನೆಗೆ ಮೂರು ವರ್ಷದ ಆದಾಯದ ಅಂದಾಜು ವರ್ಷಕ್ಕೆ 50,000 ಡಾಲರ್ ಒಳಗೇ ಇದ್ದಿದ್ರಿಂದ 1023-ಇಝಡ್ ಅನ್ನೋ ಚಿಕ್ಕ ಅರ್ಜಿ ತುಂಬಿ 275 ಡಾಲರ್ ಕಟ್ಟಿ ಸ್ವಂತ 501(ಸಿ)(3), ಅಂದ್ರೆ ತೆರಿಗೆ ವಿನಾಯಿತಿ ಇರೋ ಸಂಸ್ಥೆ, ಮಾಡ್ಕೊಂಡ್ವಿ.

ಡ್ರಮ್ಮೇ ದೊಡ್ಡ ಖರ್ಚು. ಒಂದು ಬರ್ರಿಲ್‌ಗೆ (ಬೊಂಬಾದ ಪೀಪಾಯಿ ಡ್ರಮ್ಮಿಗೆ) 500 ಡಾಲರ್ ಮೇಲೇನೇ. ತಗ್ಗು ದನಿಯ ಬುಲೆಯಾದೋರ್‌ಗೆ ಹೋತದ ದಪ್ಪ ಚರ್ಮ, ಕುಣಿಯೋರಿಗೆ ಉತ್ತರ ಕೊಡೋ ಏರು ದನಿಯ ಪ್ರಿಮೊಗೆ ಹೆಣ್ಣಾಡಿನ ತೆಳು ಚರ್ಮ. ಚಳಿಗಾಲದಲ್ಲಿ ಚರ್ಚ್ ಬೇಸ್‌ಮೆಂಟಿನ ಹೀಟರ್ ಪಕ್ಕ ಇಟ್ಟಿದ್ದ ಪ್ರಿಮೊ ಒಣಗಿ ಒಣಗಿ ಒಂದಿನ ಟಪ್ ಅಂತ ಸೀಳ್ತು. ಈಗ ಚರ್ಮ ಬಿರಿಯದ ಹಾಗೆ ಒಂದು ಉಪಾಯ ಮಾಡ್ಕೊಂಡಿದೀವಿ, ನಮ್ಮ ಮೇಷ್ಟ್ರು ಹೇಳ್ಬೇಡ ಅಂದಿದಾರೆ. ಹಳೇ ವಿಸ್ಕಿ ಪೀಪಾಯಿ ತಂದು ನಾವೇ ಡ್ರಮ್ ಮಾಡಕ್ಕೂ ಹೋದ್ವಿ, ದನಿ ಪರ್ವಾಗಿಲ್ಲ, ಆದ್ರೆ ಎತ್ತೋಕೆ ಇಬ್ರು ಬೇಕು, ಈಗ ಅದರ ಮೇಲೆ ಕಾಫಿ ಫ್ಲಾಸ್ಕ್ ಇಡ್ತೀವಿ.

ನಮಗೆ ದಾರಿ ತೋರ್ಸಿದ್ದು ಕಾನೂನು. ಕನೆಕ್ಟಿಕಟ್ ಹೈಸ್ಕೂಲುಗಳೆಲ್ಲ ಕರಿಯರ, ಪೋರ್ಟೊ ರಿಕನ್ನರ, ಲಾಟಿನೋಗಳ ಇತಿಹಾಸದ ಕೋರ್ಸ್ ಇಡಲೇಬೇಕು ಅಂತ 2019ರಲ್ಲಿ ಕಾಯ್ದೆ ಆಯ್ತು, 2022ರಿಂದ ಜಾರಿ. ಪುಸ್ತಕ ಇದೆ, ಬಾರಿಸೋರು ಎಲ್ಲಿ? ನಾವು ಹೋದ್ವಿ. ಮೊದಲು ಪೋರ್ಟೊ ರಿಕೋದಲ್ಲಿ 1874ರಲ್ಲಿ ಹುಟ್ಟಿದ ಆರ್ತುರೋ ಶೋಂಬರ್ಗ್ ಕಥೆ: ಕರಿಯರ ಚರಿತ್ರೆಯ ಪುಸ್ತಕ, ಕಾಗದಪತ್ರ ಅಂತ ಗುಡ್ಡೆ ಹಾಕಿದ ಮನುಷ್ಯ, 1926ರಲ್ಲಿ ಕಾರ್ನೆಗಿ ದಾನಸಂಸ್ಥೆಯ ದುಡ್ಡು 10,000 ಡಾಲರ್ ಕೊಟ್ಟು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಅದನ್ನ ಕೊಂಡ್ಕೊಳ್ತು. ಆಮೇಲೆ ಡ್ರಮ್. ಹಿಂದಿನ ಬೆಂಚಿನ ಹುಡುಗಿ ಬಂದು ಪ್ರಿಮೊಗೆ ತಲೆಬಾಗಿ ಭುಜ ಕುಣಿಸ್ತಾಳೆ, ಬಾರಿಸೋನು ಅವಳ ಒಂದೊಂದು ಪಿಕೆತೆಗೂ (ಕುಣಿತದ ವರಸೆಗೂ) ಡ್ರಮ್ಮಿನ ಏಟು ಕೊಡ್ಬೇಕು. ಯಕ್ಷಗಾನದಲ್ಲಿ ಭಾಗವತರ ಮಾತು ನಡಿಯತ್ತೆ, ಇಲ್ಲಿ ಕುಣಿಯೋರದ್ದೇ ಯಜಮಾನಿಕೆ. ಪ್ರಿನ್ಸಿಪಾಲರಿಂದ ಉತ್ತರ ಬರೋ ಹಾಗೆ ಈಮೇಲ್ ಬರೆಯೋದು ಹೇಗೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ.

ನಾನು ಯಲ್ಲಾಪುರದ ಕಡೆಯವನು, ಆಫ್ರಿಕಾ ಮೂಲದ ಸಿದ್ದಿಯರ ಡ್ರಮ್ಮು-ಕುಣಿತ ದಮಾಮಿ ನೋಡ್ಕೊಂಡೇ ಬೆಳೆದವನು. ಒಂದಿನ ಅದರ ವಿಡಿಯೋ ತೋರಿಸ್ದಾಗ ಮೇಷ್ಟ್ರು ಮೂರು ಸಲ ಹಿಂದಕ್ಕೆ ಹಾಕಿಸ್ಕೊಂಡು ನೋಡಿ, ಬುಲೆಯಾದೋರ್ ಮೇಲೆ ಆ ತಾಳ ಹಿಡಿಯಕ್ಕೆ ಕೂತ್ರು, ಅವತ್ತು ಕ್ಲಾಸ್ ನಡೀಲೇ ಇಲ್ಲ.

ಈಗ ಹತ್ತಾರು ಸ್ಕೂಲಿದೆ, ಶನಿವಾರ ಮೂವತ್ತು ನಲವತ್ತು ಮಕ್ಕಳು, ನಕ್ಕೋರ ಮಕ್ಕಳೂ ಸೇರಿ. ಸರಾಸರಿ ಆದಾಯ 50,000 ಡಾಲರ್ ದಾಟಿರೋದ್ರಿಂದ ಸಂಸ್ಥೆಯ ವರ್ಷದ ತೆರಿಗೆ ರಿಟರ್ನಿಗೆ ಪುಟ್ಟ 990-ಎನ್ ಆಗಲ್ಲ, ಈ ವರ್ಷ ಅದಕ್ಕಿಂತ ಉದ್ದದ 990-ಇಝಡ್ ತುಂಬಬೇಕು. ನಿಮ್ಮ ಕೂಟದಲ್ಲಿ ಅದನ್ನ ಮಾಡಿ ಗೊತ್ತಿರೋರು ಇದ್ರೆ ನಂಗೆ ಹೇಳಿ.