ಬಳ್ಳಾರಿ ಬಿಸಿಲಲ್ಲಿ 21 ಕಿಲೋಮೀಟರ್: ಗೆಳೆಯರ ಜೊತೆ ಓಡುವವರಿಗೆ

ಗೆಳೆಯರ ಜೊತೆ ಹಾಫ್ ಮ್ಯಾರಥಾನ್ ಓಡುವಾಗ ಗುಂಪು ಒಡೆಯುವುದು ಕೊನೆಯಲ್ಲಿ ಕಂಡರೂ ಕೆಡುವುದು ಮೊದಲ 3 ಕಿಲೋಮೀಟರಿನಲ್ಲೇ. ಬೆಳಗಿನ ತಂಪು, ಜನರ ಕೇಕೆ, ದಣಿಯದ ಕಾಲು. ಎಲ್ಲರೂ ಹುರುಪಿನಲ್ಲಿ ಹೊರಟುಬಿಡುತ್ತಾರೆ. 15 ದಾಟಿದ ಮೇಲೆ, ಬಿಸಿಲೇರುವ ಹೊತ್ತಿಗೆ, ಅದರ ಸಾಲ ತೀರಿಸಬೇಕಾಗುತ್ತದೆ.

ಆದ್ದರಿಂದ ಎಲ್ಲರಿಗಿಂತ ನಿಧಾನವಾಗಿ ಓಡುವವರನ್ನೇ ಮುಂದೆ ಬಿಡಿ, ವೇಗ ಅವರದೇ ಇರಲಿ. ಪೂರ್ತಿ ದೂರ 21.0975 ಕಿ.ಮೀ. ಎರಡೂವರೆ ತಾಸಿನ ಗುರಿಗೆ ಲೆಕ್ಕದಲ್ಲಿ ಕಿಲೋಮೀಟರಿಗೆ 7 ನಿಮಿಷ 6 ಸೆಕೆಂಡ್ ಸಿಗುತ್ತದೆ. ಆದರೆ ತಿರುವಿನಲ್ಲಿ ಹೊರಬದಿ ಹಿಡಿದು, ಜನರನ್ನು ಬಳಸಿ ಓಡಿದರೆ ವಾಚು 21.3 ತೋರಿಸುವುದು ಮಾಮೂಲು. ಹಾಗಾಗಿ 7 ನಿಮಿಷವೇ ಇಟ್ಟುಕೊಳ್ಳಿ. ಮೊದಲ 3 ಮಾತ್ರ 7 ನಿಮಿಷ 10 ಸೆಕೆಂಡಿನಲ್ಲಿ ಹೋಗಲಿ. ಪಕ್ಕದವರ ಜೊತೆ ಒಂದು ಪೂರ್ತಿ ಮಾತು ಆಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. 16ರವರೆಗೆ ಜೊತೆಗೇ ಇದ್ದು, ಆಮೇಲೆ ಕಸುವಿದ್ದವರು ಮುಂದೆ ಹೋಗಬಹುದು ಎಂದು ಹಿಂದಿನ ದಿನವೇ ಮಾತಾಡಿಕೊಳ್ಳಿ.

ತಯಾರಿಗೆ 12 ವಾರ ಬೇಕು. ಭಾನುವಾರದ ಉದ್ದ ಓಟವನ್ನು 8 ಕಿ.ಮೀ.ಯಿಂದ ಶುರುಮಾಡಿ ವಾರಕ್ಕೆ ಒಂದು, ಒಂದೂವರೆ ಏರಿಸಿ. ನಾಲ್ಕನೇ ವಾರ ಇಳಿಸಿ. ಎರಡು ವಾರ ಮುಂಚೆ 18 ಮುಟ್ಟಿದರೆ ಸಾಕು. ಹೊಸಪೇಟೆ ಕಡೆಗಾಗಲಿ ಮೋಕಾ ಕಡೆಗಾಗಲಿ, ಲಾರಿಗೆ ಎದುರುಮುಖವಾಗಿ ಬಲಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಓಡಿ. ಕತ್ತಲಿದ್ದರೆ ಹೊಳೆಯುವ ಪಟ್ಟಿಯ ಜಾಕೆಟ್ ಬೇಕೇ ಬೇಕು. ರಸ್ತೆಯ ಅಂಚು ಹೊರಕ್ಕೆ ಇಳಿಜಾರಾಗಿರುವುದರಿಂದ ಬಲಗಾಲು ಸದಾ ತಗ್ಗಿನಲ್ಲೇ ಬೀಳುತ್ತದೆ. ಮಂಡಿಯ ಹೊರಬದಿ ನೋಯಲು ಇದೂ ಒಂದು ಕಾರಣ. ವಾರದ ನಡುವಿನ ಓಟಗಳನ್ನು ಮೈದಾನದ ಮಣ್ಣಿನಲ್ಲಿ ಮುಗಿಸಿ.

ಎರೆ ಹೊಲಗಳ ನಡುವಿನ ರಸ್ತೆಗೆ ನೆರಳೇ ಇಲ್ಲ, ನೀರು ಜೊತೆಗಿರಬೇಕು. 20 ನಿಮಿಷಕ್ಕೊಮ್ಮೆ ನಾಲ್ಕಾರು ಗುಟುಕು ಸಾಕು. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆ ಸುತ್ತುತ್ತದೆ, ವಾಂತಿ ಬರುತ್ತದೆ. ಓಆರ್‌ಎಸ್ ದೊಡ್ಡ ಪೊಟ್ಟಣ ಕಲಸುವುದು ಒಂದು ಲೀಟರಿಗೆ. ಅರ್ಧ ಲೀಟರ್ ಬಾಟಲಿಗೆ ಇಡೀ ಪೊಟ್ಟಣ ಸುರಿದವರಿಗೆ ದಾರಿಯಲ್ಲಿ ಹೊಟ್ಟೆ ಕೆಡುವುದು ಇದರಿಂದಲೇ. ಹಿಂದಿನ ರಾತ್ರಿ ಅನ್ನ-ಸಾರು ಒಳ್ಳೆಯದು, ರೊಟ್ಟಿ-ಕಾಳುಪಲ್ಯ ಬೆಳಗ್ಗೆ ಹೊಟ್ಟೆಯಲ್ಲಿ ಭಾರ. ಓಟಕ್ಕೆ ಒಂದು ತಾಸು ಮುಂಚೆ ಒಂದೆರಡು ಬಾಳೆಹಣ್ಣು. ತೊಡೆಸಂದು, ಕಂಕುಳಿಗೆ ವ್ಯಾಸಲೀನ್ ಹಚ್ಚಿ. ಹೊಸ ಬೂಟು, ಹೊಸ ಸಾಕ್ಸ್ ಆ ದಿನ ಬೇಡವೇ ಬೇಡ.

ಇನ್ನು ಇದೊಂದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಸಿಲಲ್ಲಿ ಓಡುತ್ತಿರುವ ಗೆಳೆಯನ ತೋಳಿನ ಮೇಲೆ ನವಿರೆದ್ದರೆ, ಚಳಿ ಅಂದರೆ, ಕೇಳಿದ್ದಕ್ಕೆ ಇನ್ನೇನೋ ಹೇಳಿದರೆ, ಹೆಜ್ಜೆ ಓಲಾಡಿದರೆ, ಅವನ ಓಟ ಅಲ್ಲಿಗೇ ನಿಲ್ಲಬೇಕು. ನೆರಳಿಗೆ ಒಯ್ಯಿರಿ. ತಲೆ, ಕುತ್ತಿಗೆ, ಕಂಕುಳ ಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಮಾತು ತೊದಲುತ್ತಿದ್ದರೆ ಬಾಯಿಗೆ ನೀರು ಹಾಕಬೇಡಿ. ಜೊತೆಯಲ್ಲಿ ಒಬ್ಬರು ಉಳಿಯಲೇಬೇಕು, ಅವರ ಪದಕ ತಪ್ಪಿದರೂ ಸರಿ.

ಗೆರೆ ದಾಟಿದ ಕೂಡಲೇ ಕೂರದೆ 10 ನಿಮಿಷ ನಡೆದಾಡಿ. ತಟ್ಟನೆ ನಿಂತರೆ ರಕ್ತ ಕಾಲಿಗಿಳಿದು ಕಣ್ಣು ಕತ್ತಲೆ ಬರುತ್ತದೆ. ಒಗ್ಗರಣೆ-ಮಿರ್ಚಿ ಅರ್ಧ ತಾಸು ಕಾಯಲಿ. ಅಷ್ಟರಲ್ಲಿ ಕೊನೆಯವರೂ ಬಂದಿರುತ್ತಾರೆ, ಅವರ ಪಾಲಿನ ನೀರಿನ ಬಾಟಲಿ ಕೈಯಲ್ಲೇ ಇರಲಿ.