ಟೊಪ್ಪಿಯೊಳಗಿನ ಕ್ರಯಪತ್ರ

ಸುಳ್ಳು ಆರೋಪ ಎನ್ನುವುದು ಬಾಯಿಮಾತಿನ ವ್ಯವಹಾರ. ಒಬ್ಬ ‘ಇವನೇ ಕದ್ದವನು’ ಎನ್ನುತ್ತಾನೆ, ಇನ್ನೊಬ್ಬ ‘ನಾನಲ್ಲ’ ಎನ್ನುತ್ತಾನೆ. ಮಾತೇ ಇಲ್ಲದ ಚಿತ್ರದಲ್ಲಿ ಇದನ್ನು ತೋರಿಸುವುದು ಹೇಗೆ? 1912ರ ಸುಮಾರಿನ ಒಂದು ರೀಲಿನ ವೆಸ್ಟರ್ನ್, ಅಂದರೆ ಕೌಬಾಯ್ ಚಿತ್ರಗಳ ಧಾಟಿಯಲ್ಲಿ ಕಿರುಚಿತ್ರವೊಂದನ್ನು ಮಾಡಲು ಹೊರಟಾಗ ನನ್ನ ತಲೆ ತಿಂದದ್ದು ಕುದುರೆಯಲ್ಲ, ಕ್ಯಾಮೆರಾವಲ್ಲ, ಈ ಪ್ರಶ್ನೆ.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ ಕನ್ನಡಿಗರಿಗೇನೂ ಬರವಿಲ್ಲ. ಆದರೆ ಇದೇ ಊರಿನ ನೈಲ್ಸ್ ಒಂದು ಕಾಲಕ್ಕೆ ವೆಸ್ಟರ್ನ್ ಚಿತ್ರಗಳ ಕಾರ್ಖಾನೆಯಾಗಿತ್ತೆಂದು ನಾನು ಹೇಳಿದರೆ ನಮ್ಮವರು ನಂಬುವುದಿಲ್ಲ. ಷಿಕಾಗೊದ ಎಸ್ಸನೇ ಚಿತ್ರ ಕಂಪನಿಯ ಪಾಲುದಾರ ಗಿಲ್ಬರ್ಟ್ ಆಂಡರ್ಸನ್ 1912ರಲ್ಲಿ ತನ್ನ ತಂಡ ಕಟ್ಟಿಕೊಂಡು ಬಂದು ಇಲ್ಲಿ ಬೀಡುಬಿಟ್ಟ. ‘ಬ್ರಾಂಕೊ ಬಿಲ್ಲಿ’ ಎಂಬ ಕೌಬಾಯ್ ವೇಷದಲ್ಲಿ ಅವನು ಸಣ್ಣ ಸಣ್ಣ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದ. 1915ರಲ್ಲಿ ಚಾರ್ಲಿ ಚಾಪ್ಲಿನ್ ಕೂಡ ಕೆಲಕಾಲ ಇಲ್ಲಿದ್ದ. 1916ರಲ್ಲಿ ಸ್ಟುಡಿಯೊ ಬಾಗಿಲು ಹಾಕಿತು. ಈಗ ನೈಲ್ಸ್‌ನಲ್ಲಿ ಒಂದು ಮೂಕಿಚಿತ್ರ ಸಂಗ್ರಹಾಲಯವಿದೆ. ಅಲ್ಲಿನ ಹಳೆಯ ಎಡಿಸನ್ ಚಿತ್ರಮಂದಿರದಲ್ಲಿ ಶನಿವಾರ ಸಂಜೆ ಪಿಯಾನೊ ಜೊತೆಗೆ ನೋಡಿದ ಚಿತ್ರಗಳೇ ನನ್ನ ಪಾಠಶಾಲೆ.

ಕುದುರೆ ಕಳವಿನ ಕಥೆ ಆ ಕಾಲದ ಸವಕಲು ನಾಣ್ಯ. ಕಾರಣವಿದೆ. ಒಂದು ನೀರಿನ ತಾಣದಿಂದ ಇನ್ನೊಂದಕ್ಕೆ ಹರದಾರಿಗಟ್ಟಲೆ ದೂರವಿರುವ ಸೀಮೆಯಲ್ಲಿ ಕುದುರೆ ಕಳೆದುಕೊಂಡವನ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಜನ ನ್ಯಾಯಾಲಯಕ್ಕೂ ಕಾಯದೆ ಹಗ್ಗ ಎತ್ತಿಕೊಳ್ಳುತ್ತಿದ್ದರು. ಕುದುರೆ ಯಾರದೆಂದು ಹೇಳಲು ಇದ್ದ ಮುಖ್ಯ ಸಾಕ್ಷಿ ಎರಡು: ಕಾದ ಕಬ್ಬಿಣದಿಂದ ಅದರ ಮೈಮೇಲೆ ಹಾಕಿದ ಮುದ್ರೆ ಮತ್ತು ಕೊಂಡವನ ಕೈಯಲ್ಲಿರುವ ಕ್ರಯಪತ್ರ.

ನನಗೆ ದಾರಿ ಸಿಕ್ಕಿದ್ದು ಇಲ್ಲೇ. ಮಾತಿನ ಜಗಳವನ್ನು ವಸ್ತುಗಳ ಜಗಳವಾಗಿ ಮಾಡಿದರೆ ಮೂಕಿಚಿತ್ರಕ್ಕೆ ಅದು ಕೊರತೆಯೇ ಅಲ್ಲ. ಕಥೆ ಹೀಗೆ ಕಟ್ಟಿದೆ. ಜಾನುವಾರು ಸಾಕುವ ಒಂದು ರ‍್ಯಾಂಚ್. ಅಲ್ಲಿನ ಮೇಸ್ತ್ರಿ ಯಜಮಾನನ ಕುದುರೆಯನ್ನು ದಾರಿಹೋಕನೊಬ್ಬನಿಗೆ ಮಾರಿ, ಕ್ರಯಪತ್ರ ಬರೆದುಕೊಟ್ಟು ಹಣ ಜೇಬಿಗಿಳಿಸುತ್ತಾನೆ. ಆಮೇಲೆ ಕುದುರೆ ಕಳವಾಯಿತೆಂದು ಬೊಬ್ಬೆ ಹಾಕುತ್ತಾನೆ. ದಾರಿಹೋಕ ಆ ಕಾಗದವನ್ನು ಮಡಿಸಿ ಟೊಪ್ಪಿಯ ಒಳಪಟ್ಟಿಗೆ ಸಿಕ್ಕಿಸಿಕೊಂಡಿರುತ್ತಾನೆ. ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳುವ ಭರದಲ್ಲಿ ಟೊಪ್ಪಿ ಹಳ್ಳದ ದಂಡೆಗೆ ಹಾರಿಬೀಳುತ್ತದೆ. ಒಬ್ಬ ಹುಡುಗ ಅದನ್ನು ಎತ್ತಿ ತಲೆಗೆ ಹಾಕಿಕೊಂಡು ಕುಣಿಯುತ್ತಾ ನಡೆಯುತ್ತಾನೆ. ಒಳಗೆ ಒಂದು ಜೀವವನ್ನು ಉಳಿಸುವ ಕಾಗದವಿದೆಯೆಂದು ಅವನಿಗೆ ಗೊತ್ತಿಲ್ಲ. ಪ್ರೇಕ್ಷಕರಿಗೆ ಗೊತ್ತು.

ನನ್ನ ಲೆಕ್ಕದಲ್ಲಿ ಇಂಥ ಕಥೆಗೆ ಇದೇ ಜೀವಾಳ. ಕಳ್ಳ ಯಾರೆಂಬುದನ್ನು ಬಚ್ಚಿಡಬಾರದು. ಮಾತಿನ ಚಿತ್ರವಾದರೆ ಬಚ್ಚಿಟ್ಟು ಕೊನೆಗೆ ಬಾಯಿಬಿಡಿಸಬಹುದು. ಮೂಕಿಯಲ್ಲಿ ಬಾಯಿಬಿಡಿಸಲು ಹೊರಟರೆ ಪರದೆಯ ತುಂಬ ಅಕ್ಷರಫಲಕಗಳೇ, ಅಂದರೆ ದೃಶ್ಯಗಳ ನಡುವೆ ಮಾತನ್ನು ಬರೆದು ತೋರಿಸುವ ಫಲಕಗಳು. ಮೇಸ್ತ್ರಿ ಸಹಿ ಮಾಡುವುದನ್ನು, ಕಾಗದ ಟೊಪ್ಪಿಗೆ ಹೋಗುವುದನ್ನು ಆರಂಭದಲ್ಲೇ ಹತ್ತಿರದಿಂದ ತೋರಿಸಿದೆ. ಉಳಿದ ಬಹುಪಾಲು ದೃಶ್ಯಗಳಲ್ಲಿ ಕ್ಯಾಮೆರಾ ದೂರ ನಿಂತು ಪಾತ್ರಧಾರಿಯನ್ನು ಅಡಿಯಿಂದ ಮುಡಿಯವರೆಗೆ ಹಿಡಿಯುತ್ತದೆ, ಆ ಕಾಲದವರ ಹಾಗೆಯೇ. ಕೊನೆಯ ಭಾಗದಲ್ಲಿ ಒಮ್ಮೆ ಮರದ ಕೊಂಬೆಗೆ ಬೀಳುವ ಹಗ್ಗ, ಒಮ್ಮೆ ಹುಡುಗನ ನಡಿಗೆ, ಮತ್ತೆ ಹಗ್ಗ, ಮತ್ತೆ ಹುಡುಗ. ಅವನು ದಾರಿಯಲ್ಲಿ ನಿಂತು ಕಪ್ಪೆಗೆ ಕಲ್ಲು ಹೊಡೆಯುವ ತುಣುಕನ್ನು ಉದ್ದೇಶಪೂರ್ವಕವಾಗಿಯೇ ಉದ್ದ ಬಿಟ್ಟೆ. ನೋಡುವವರು ಕುರ್ಚಿಯಲ್ಲೇ ಚಡಪಡಿಸಬೇಕು.

ಬಣ್ಣದ ವಿಷಯ ಕೇಳಿ. ಆ ಕಾಲದ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪೆಲ್ಲ ಕಪ್ಪಾಗುತ್ತಿತ್ತು, ನೀಲಿ ಆಕಾಶ ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿತ್ತು. ಡಿಜಿಟಲ್‌ನಲ್ಲಿ ಇದನ್ನು ತರುವುದು ಸುಲಭ: ಬಣ್ಣದ ಚಿತ್ರದ ಮೂರು ಪದರಗಳಲ್ಲಿ ನೀಲಿಯದನ್ನು ಮುಖ್ಯವಾಗಿಟ್ಟುಕೊಂಡು, ಸ್ವಲ್ಪ ಹಸಿರು ಬೆರೆಸಿ, ಕೆಂಪನ್ನು ಪೂರ್ತಿ ತೆಗೆದುಹಾಕಿದರೆ ಆಯಿತು. ಆದರೆ ಉಡುಪನ್ನು ಇದಕ್ಕೆ ತಕ್ಕಂತೆ ಆರಿಸಬೇಕು. ನಾಯಕನ ಕೊರಳಿಗೆ ನೀಲಿ ವಸ್ತ್ರ ಕಟ್ಟಿದೆ, ಪರದೆಯ ಮೇಲೆ ಬಿಳಿಯಾಯಿತು. ಮೇಸ್ತ್ರಿಗೆ ಕೆಂಪು ಅಂಗಿ, ಅದು ಕಡುಗಪ್ಪಾಯಿತು. ನಮ್ಮ ಕಂದು ಮುಖಗಳೂ ಕಪ್ಪಿಡುತ್ತವೆ. ಪುಡಿ ಬಳಿಯುವ ಬದಲು ಬಿಳಿ ಥರ್ಮೊಕೋಲ್ ಹಲಗೆ ಹಿಡಿದು ಮುಖಕ್ಕೆ ಬಿಸಿಲು ಹಾಯಿಸಿದೆವು. ಕನ್ನಡಿಗರು ಕೌಬಾಯ್‌ಗಳಾಗುವುದೆಂದರೇನು ಎಂದು ನಕ್ಕವರಿದ್ದಾರೆ. ನಿಜವಾದ ಕೌಬಾಯ್‌ಗಳಲ್ಲಿ ಮೆಕ್ಸಿಕನ್ನರೂ ಕಪ್ಪುಜನರೂ ಎಷ್ಟೋ ಮಂದಿ ಇದ್ದರು. ಎಲ್ಲರನ್ನೂ ಬಿಳಿಯರನ್ನಾಗಿ ಮಾಡಿದ್ದು ಸಿನಿಮಾ.

ವೇಗದ ಬಗ್ಗೆ ಎರಡು ಮಾತು. ಅಂದಿನ ಛಾಯಾಗ್ರಾಹಕ ಕ್ಯಾಮೆರಾದ ಕೈಹಿಡಿಯನ್ನು ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ಹದಿನಾರು ಚೌಕಟ್ಟು, ಅಂದರೆ ಹದಿನಾರು ಬಿಡಿಚಿತ್ರ. ಸಾವಿರ ಅಡಿಯ ಒಂದು ರೀಲು ಆ ವೇಗದಲ್ಲಿ ಹದಿನಾರೂವರೆ ನಿಮಿಷಕ್ಕಿಂತ ತುಸು ಹೆಚ್ಚು ಓಡುತ್ತದೆ. ನಾನು ಸೆಕೆಂಡಿಗೆ 16 ಚೌಕಟ್ಟಿನಂತೆ ಚಿತ್ರಿಸಿ 18ರಂತೆ ಓಡಿಸಿದೆ; ಹಾಗೆ ಮಾಡಿದರೆ ಚಲನೆ ತುಸು ಚುರುಕಾಗಿ ಕಾಣುತ್ತದೆ. ಬೆನ್ನಟ್ಟುವ ದೃಶ್ಯವನ್ನು ಮಾತ್ರ 14ಕ್ಕೆ ಚಿತ್ರಿಸಿದೆ. ಬಾಡಿಗೆ ಕುದುರೆ ವಯಸ್ಸಾದ ಸಂಭಾವಿತ ಪ್ರಾಣಿ, ಓಡುವ ಉಮೇದು ಅದಕ್ಕಿರಲಿಲ್ಲ. ಓಟವನ್ನು ಕ್ಯಾಮೆರಾವೇ ಒದಗಿಸಿತು. ಇದಕ್ಕಿಂತ ಕಡಿಮೆಗೆ ಇಳಿದರೆ ನೋಡುವವರಿಗೆ ನಗು ಬರುತ್ತದೆ. ಮೂಕಿಚಿತ್ರವೆಂದರೆ ಎಲ್ಲರೂ ಗಡಗಡನೆ ಓಡಾಡುವುದು ಎಂಬ ತಪ್ಪುಕಲ್ಪನೆ ಹುಟ್ಟಿದ್ದೇ ಹಳೆಯ ಚಿತ್ರಗಳನ್ನು 24ರ ವೇಗದಲ್ಲಿ ಓಡಿಸಿದ್ದರಿಂದ.

ಅಕ್ಷರಫಲಕಗಳು ಕನ್ನಡದಲ್ಲೇ, ಆದಷ್ಟೂ ಕಡಿಮೆ. ‘ನನ್ನ ಕುದುರೆ!’ ಎಂಬುದಷ್ಟೇ ಯಜಮಾನನ ಪಾಲು. ಸಮಯ ಅಳೆಯಲು ನನ್ನ ಅಮ್ಮನಿಂದ ಗಟ್ಟಿಯಾಗಿ ಓದಿಸಿ, ಅಷ್ಟೇ ಹೊತ್ತು ಫಲಕ ನಿಲ್ಲಿಸಿದೆ. ನೇಣಿನ ದೃಶ್ಯದಲ್ಲಿ ಫಲಕವೇ ಇಲ್ಲ. ಹಗ್ಗವನ್ನು ಯಾರ ಕೊರಳಿಗೂ ಹಾಕಲಿಲ್ಲ. ಅದರ ನೆರಳು ಅಂಗಿಯ ಮೇಲೆ ಬೀಳುವ ಹಾಗೆ ಸೂರ್ಯ ಇಳಿಯುವವರೆಗೆ ಕಾದೆವು. ಅದೇ ಹೊತ್ತಿಗೆ ಹುಡುಗ ಬರುತ್ತಾನೆ, ಯಜಮಾನ ಟೊಪ್ಪಿ ಕಿತ್ತುಕೊಳ್ಳುತ್ತಾನೆ, ಕಾಗದ ಬೀಳುತ್ತದೆ, ಮೇಸ್ತ್ರಿಯ ಕೈ ತನ್ನ ಜೇಬನ್ನು ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ಮುಗಿಸಿದೆ.

ಗೆಳೆಯರ ಮನೆಯ ಗ್ಯಾರೇಜಿನಲ್ಲಿ, ಹಾರ್ಮೋನಿಯಂ ಜೊತೆಗೆ ತೋರಿಸಿದಾಗ ಹಿರಿಯರೊಬ್ಬರು ಮೇಸ್ತ್ರಿಗೆ ಶಿಕ್ಷೆ ಆಗುವುದನ್ನು ಯಾಕೆ ತೋರಿಸಲಿಲ್ಲ ಎಂದು ಪಟ್ಟು ಹಿಡಿದರು. ಅದಕ್ಕೆ ಕುದುರೆಯ ಇನ್ನೊಂದು ದಿನದ ಬಾಡಿಗೆ ಬೇಕಾಗುತ್ತಿತ್ತು.